ಮೂಗಿನದು ಬೇರೆ ಇಲಾಖೆ

ರಷ್ಯಾದ ಲೇಖಕ ಗೊಗೊಲ್‌ನ ‘ಮೂಗು’ ಮತ್ತೆ ಓದಿದೆ. 1836ರ ಕಥೆ. ಕೊವಲ್ಯೋವ್ ಅನ್ನೋ ಅಧಿಕಾರಿ ಬೆಳಗ್ಗೆ ಎದ್ದರೆ ಮುಖದ ಮೇಲೆ ಮೂಗೇ ಇಲ್ಲ, ಅದು ಜರಿ ಸಮವಸ್ತ್ರ ತೊಟ್ಟು ಪೀಟರ್ಸ್‌ಬರ್ಗ್‌ನಲ್ಲಿ ಸಾರೋಟಿನಲ್ಲಿ ಓಡಾಡುತ್ತಿದೆ! ಎದುರು ಸಿಕ್ಕರೂ ಮಾತಾಡಿಸೋಕೆ ಇವನಿಗೆ ಅಂಜಿಕೆ, ಯಾಕಂದ್ರೆ ಆಗಿನ ರಷ್ಯಾದ ಸರ್ಕಾರಿ ನೌಕರಿಯ 14 ದರ್ಜೆಗಳಲ್ಲಿ ಇವನದು 8ನೆಯದು, ಮೂಗಿನದು ಅದಕ್ಕಿಂತ ಮೇಲಿನ 5ನೆಯದು. ಮೂಗು ಇವನ ಕೋಟಿನ ಗುಂಡಿ ನೋಡಿ, ನಿಮ್ಮದು ಬೇರೆ ಇಲಾಖೆ ಅಂತ ಸಾಗಹಾಕುತ್ತದೆ. ಮೂಗು ಕಳೆದಿದೆ ಅಂತ ಕೊವಲ್ಯೋವ್ ಪತ್ರಿಕೆಗೆ ಜಾಹೀರಾತು ಕೊಡಲು ಹೋದರೆ ಗುಮಾಸ್ತ ಒಪ್ಪುವುದಿಲ್ಲ. ಪಾಪ ಅನ್ನಿಸಿ ನಶ್ಯದ ಡಬ್ಬಿ ಮುಂದೆ ಹಿಡಿಯುತ್ತಾನೆ. ಮೂಗಿಲ್ಲದವನಿಗೆ ನಶ್ಯ! ಅವನೇನೂ ಕೆಟ್ಟವನಲ್ಲ, ಅದೇ ನನಗೆ ಜಾಸ್ತಿ ಕಾಡಿದ್ದು. ಅಂದಹಾಗೆ, ಗೊಗೊಲ್ ಬರೆದಾಗ ಇಬ್ಬರೂ ಎದುರಾಗೋದು ಚರ್ಚಿನಲ್ಲಿ. ಸೆನ್ಸಾರ್‌ನಿಂದಾಗಿ ಅದು ಅಂಗಡಿ ಸಾಲಿಗೆ ಹೋಯಿತು. ಮೂಗು ಸಾರೋಟು ಹತ್ತಿ ತಿರುಗೋದಕ್ಕೆ ಮಾತ್ರ ತಕರಾರಿಲ್ಲ, ನೋಡಿ.