ಹಳೇ ದೊಡ್ಡ ಎಸ್‌ಯುವಿ ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ

ಮೊದಲು ಉತ್ತರ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಫುಲ್ ಸೈಜ್ ಎಸ್‌ಯುವಿ ಬೇಕಿದ್ದರೆ 2008ರಿಂದ 2022ರವರೆಗಿನ ಟೊಯೋಟಾ ಸೆಕೋಯಾ ನೋಡಿ. ಅದರಲ್ಲೂ 5.7 ಲೀಟರ್ ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್ ಇರುವುದು. ಸರ್ವಿಸ್ ಮಾಡಿಸಿದ ಕಾಗದ ಇರಬೇಕು, ಅಡಿಯಲ್ಲಿ ತುಕ್ಕು ಇರಬಾರದು. ಇಷ್ಟೇ ಸಾಕು ಅನ್ನುವವರು ಮುಂದೆ ಓದುವುದು ಬೇಡ.

ಆದರೆ ಯಾರಿಗೂ ಇಷ್ಟು ಸಾಕಾಗುವುದಿಲ್ಲ. "ಅದು ದುಬಾರಿ", "ಪೆಟ್ರೋಲ್ ಕುಡಿಯುತ್ತಂತೆ", "ಷೆವರ್ಲೆ ಟಾಹೋ ನೋಡೋಕೆ ಚೆನ್ನಾಗಿದೆ ಅಲ್ವಾ" ಅಂತ ಶುರುವಾಗುತ್ತದೆ. ದುಬಾರಿ, ಹೌದು. ಕುಡಿಯುತ್ತದೆ, ಅದೂ ಹೌದು. ಊರೊಳಗೆ ಓಡಿಸಿದರೆ ಗ್ಯಾಲನ್‌ಗೆ 13 ಮೈಲಿ ಅಂತ ಸರ್ಕಾರದ ಲೆಕ್ಕವೇ ಹೇಳುತ್ತದೆ. ಆದರೆ ನೀವು ಕೇಳಿದ್ದು ಕೈ ಕೊಡದ ಗಾಡಿ ಯಾವುದು ಅಂತ. ಆ ಪ್ರಶ್ನೆಗೆ ನನ್ನ ಉತ್ತರ ಬದಲಾಗುವುದಿಲ್ಲ.

ನನಗೆ ನಿಜಕ್ಕೂ ಬೇಸರ ತರಿಸುವುದು ಪ್ರಶ್ನೆ ಕೇಳುವ ರೀತಿ. ಪರಿಚಯದವರೊಬ್ಬರು ಮಾರುವವರ ಅಂಗಳದಲ್ಲೇ ನಿಂತು ಫೋನ್ ಮಾಡಿದ್ದರು.

"ಸರ್, ಗಾಡಿ ಸಖತ್ತಾಗಿದೆ. ಏಳು ಜನ ಕೂರಬಹುದು. ಹಿಂದಿನ ಸೀಟಿಗೆ ಎರಡು ಸ್ಕ್ರೀನ್ ಇದೆ. ಸನ್‌ರೂಫ್ ಇದೆ. ತಗೊಳ್ಳಲಾ?"

"ಎಂಜಿನ್ ಯಾವುದು?"

"ವಿ8 ಸರ್."

"ಯಾವ ವಿ8?"

"ವಿ8 ಅಂದ್ರೆ ವಿ8 ಅಲ್ವಾ ಸರ್? ಕಂಪನಿ ಒಳ್ಳೇದು ತಾನೇ?"

ಪಕ್ಕದಲ್ಲಿ ಸೇಲ್ಸ್‌ಮನ್ ನಿಂತಿದ್ದಾನೆ ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು. ಹೂಂ ಅನ್ನಲಿ ಅಂತ ಇಬ್ಬರೂ ಕಾಯುತ್ತಿದ್ದರು. ನಾನು ಅನ್ನಲಿಲ್ಲ. ಇವತ್ತೂ ಅನ್ನುವುದಿಲ್ಲ. ಒಂದೇ ಕಂಪನಿ, ಒಂದೇ ಮಾಡೆಲ್ ಹೆಸರು, ಆದರೆ ಎರಡು ವರ್ಷದ ಅಂತರದಲ್ಲಿ ಬಾನೆಟ್ ಒಳಗೆ ಬೇರೆಯೇ ಯಂತ್ರ ಇರಬಹುದು. ಕೆಟ್ಟರೆ ಕೆಡುವುದು ಆ ಯಂತ್ರ. ಮುಂದೆ ಅಂಟಿಸಿದ ಲಾಂಛನ ಯಾವತ್ತೂ ಕೆಡುವುದಿಲ್ಲ.

ಷೆವರ್ಲೆ ಟಾಹೋ ಮತ್ತು ಸಬರ್ಬನ್ ತಗೊಳ್ಳಿ. 2000ದಿಂದ 2006ರವರೆಗಿನ 5.3 ಲೀಟರ್ ವಿ8 ಸರಳವಾದ ಎಂಜಿನ್. 2007ರಲ್ಲಿ ಹೊಸ ಟಾಹೋ ಬಂತು. ಅದರ 5.3ರಲ್ಲಿ ಪೆಟ್ರೋಲ್ ಉಳಿಸಲು ಎಂಟು ಸಿಲಿಂಡರ್‌ಗಳಲ್ಲಿ ನಾಲ್ಕನ್ನು ಆರಿಸುವ ವ್ಯವಸ್ಥೆ ಸೇರಿತು. ಆಕ್ಟಿವ್ ಫ್ಯೂಯೆಲ್ ಮ್ಯಾನೇಜ್‌ಮೆಂಟ್ ಅಂತ ಅದರ ಹೆಸರು. ಹೆದ್ದಾರಿಯಲ್ಲಿ ಹಗುರವಾಗಿ ಹೋಗುತ್ತಿರುವಾಗ ಕಂಪ್ಯೂಟರ್ ಆ ನಾಲ್ಕು ಸಿಲಿಂಡರ್‌ಗಳ ಲಿಫ್ಟರ್‌ಗಳಿಗೆ, ಅಂದರೆ ವಾಲ್ವ್ ತೆರೆಯಲು ತಳ್ಳುವ ಭಾಗಗಳಿಗೆ, ಆಯಿಲ್ ಒತ್ತಡ ಕಳಿಸುತ್ತದೆ. ಲಿಫ್ಟರ್ ಒಳಗಿನ ಪುಟ್ಟ ಪಿನ್‌ಗಳು ಸರಿದು, ಲಿಫ್ಟರ್ ಕುಸಿದು, ವಾಲ್ವ್ ತೆರೆಯುವುದು ನಿಲ್ಲುತ್ತದೆ. ಮತ್ತೆ ಶಕ್ತಿ ಬೇಕಾದಾಗ ಪಿನ್ ವಾಪಸ್ ಕೂರಬೇಕು. ಕೂರದಿದ್ದರೆ ಆ ಸಿಲಿಂಡರ್ ಕೆಲಸ ಮಾಡುವುದಿಲ್ಲ. ಲಿಫ್ಟರ್ ರೋಲರ್ ಹಿಡಿದುಕೊಂಡರೆ, ಲಿಫ್ಟರ್‌ಗಳನ್ನು ಎತ್ತುವ ಕ್ಯಾಮ್‌ಶಾಫ್ಟನ್ನೇ ತೇಯುತ್ತದೆ. ಟಿಕ್ ಟಿಕ್ ಅಂತ ಶುರುವಾದದ್ದು ಎಂಜಿನ್ ಅರ್ಧ ಬಿಚ್ಚುವ ಕೆಲಸವಾಗಿ ಮುಗಿಯುತ್ತದೆ. ಎಲ್ಲ ಗಾಡಿಗೂ ಹೀಗಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಇಲ್ಲಿ ಎಲ್ಲವೂ ನಿಂತಿರುವುದು ಆಯಿಲ್ ಮೇಲೆ. ಆಯಿಲ್ ಬದಲಿಸಿದ ದಾಖಲೆ ಇಲ್ಲದ ಗಾಡಿಯನ್ನು ನಾನು ಮುಟ್ಟುವುದಿಲ್ಲ.

2021ರ ಟಾಹೋದಲ್ಲಿ ಇದರ ಮುಂದಿನ ರೂಪ ಬಂತು. ಈಗ ಹದಿನಾರೂ ಲಿಫ್ಟರ್‌ಗಳು ಅದೇ ಜಾತಿಯವು. ಅದೇ ಪೀಳಿಗೆಯ ದೊಡ್ಡ 6.2 ಲೀಟರ್ ವಿ8ಗೆ ಬೇರೆ ಕಾಯಿಲೆ. ಕನೆಕ್ಟಿಂಗ್ ರಾಡ್ ಮತ್ತು ಕ್ರ್ಯಾಂಕ್‌ಶಾಫ್ಟ್ ದೋಷಕ್ಕಾಗಿ 2025ರಲ್ಲಿ ಅಮೆರಿಕದಲ್ಲೇ ಸುಮಾರು 6 ಲಕ್ಷ ಗಾಡಿಗಳನ್ನು ವಾಪಸ್ ಕರೆಸಿದರು. 2021ರಿಂದ 2024ರ ಮಾಡೆಲ್‌ಗಳು. ಹೊಸದು ಅಂದರೆ ಗಟ್ಟಿ ಅಂತ ನಂಬುವವರು ಇದನ್ನು ಒಮ್ಮೆ ಯೋಚಿಸಲಿ.

ಟೊಯೋಟಾ ಹೆಸರು ಕೇಳಿದರೆ ಕಣ್ಣು ಮುಚ್ಚಿ ಕೊಳ್ಳುವವರಿಗೂ ಇದೇ ಮಾತು. 2022, 2023ರ ಟಂಡ್ರಾ ಪಿಕಪ್ ಮತ್ತು ಲೆಕ್ಸಸ್ ಎಲ್‌ಎಕ್ಸ್‌ಗೆ ಹಾಕಿದ ಹೊಸ ಟರ್ಬೊ ವಿ6 ಎಂಜಿನ್ ಒಳಗೆ ಲೋಹದ ಚೂರು ಉಳಿದಿರಬಹುದು ಅಂತ 2024ರಲ್ಲಿ ಲಕ್ಷದಷ್ಟು ಗಾಡಿಗಳನ್ನು ಕರೆಸಿದರು. ಮೊದಲ ಪೀಳಿಗೆಯ ಸೆಕೋಯಾದ 4.7 ಲೀಟರ್ ಎಂಜಿನ್ ಬಂಗಾರದಂಥದ್ದು. ಆದರೆ ಅದಕ್ಕೆ ಟೈಮಿಂಗ್ ಬೆಲ್ಟ್ ಇದೆ, 90,000 ಮೈಲಿಗೆ ಬದಲಿಸಬೇಕು. ಉಪ್ಪು ಚೆಲ್ಲುವ ರಸ್ತೆಗಳಲ್ಲಿ ಓಡಿದ್ದರೆ ಚಾಸಿಯೇ ತುಕ್ಕು ತಿಂದಿರುತ್ತದೆ. ಎಂಜಿನ್ ಬದುಕಿದ್ದು ಚಾಸಿ ಸತ್ತಿದ್ದರೆ ಏನು ಪ್ರಯೋಜನ?

ಫೋರ್ಡ್ ಎಕ್ಸ್‌ಪೆಡಿಷನ್ ಕೇಳುವವರು ಜಾಸ್ತಿ. ಅದರಲ್ಲಿ ಎರಡು ಕಾಲ ಇದೆ. 2005ರಿಂದ 2014ರವರೆಗೆ ಸಿಲಿಂಡರ್‌ಗೆ ಮೂರು ವಾಲ್ವ್ ಇರುವ 5.4 ಲೀಟರ್ ವಿ8. ಮೊದಲ ವರ್ಷಗಳ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಲು ಹೋದರೆ ಒಳಗೇ ಮುರಿದು ಉಳಿಯುತ್ತಿತ್ತು. ಜೊತೆಗೆ ಕ್ಯಾಮ್ ಫೇಸರ್, ಅಂದರೆ ವಾಲ್ವ್ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ಭಾಗದ ಕಾಟ. 2015ರಿಂದ 3.5 ಲೀಟರ್ ಟರ್ಬೊ ವಿ6 ಬಂತು. 2018ರಲ್ಲಿ ಅದರ ಹೊಸ ರೂಪದ ಜೊತೆ ಹತ್ತು ಗೇರಿನ ಆಟೋಮ್ಯಾಟಿಕ್ ಸೇರಿತು. ಆ ಎಂಜಿನ್‌ನಲ್ಲೂ ಫೇಸರ್ ಸದ್ದು.

ಇಲ್ಲೊಂದು ಸೂಕ್ಷ್ಮ ಇದೆ. ಹಳೆಯ 5.4ರ ಕಾಯಿಲೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಆಯಿಲ್ ತೆಳುವಾಗಿ ಒತ್ತಡ ಇಳಿದಾಗ ಕೇಳುತ್ತದೆ. ಸುಮ್ನೆ ನಿಂತಾಗ ಡೀಸೆಲ್ ಗಾಡಿಯ ಹಾಗೆ ಕಟಕಟ ಅನ್ನುತ್ತದೆ. ಹೊಸ ಟರ್ಬೊ ವಿ6ನ ಸದ್ದು ರಾತ್ರಿಯಿಡೀ ನಿಂತು ತಣ್ಣಗಾದ ಮೇಲೆ, ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ಸೆಕೆಂಡ್ ಮಾತ್ರ ಬರುತ್ತದೆ. ಹಾಗಾಗಿ ನೀವು ಹೋಗುವ ಮೊದಲೇ ಮಾರುವವನು ಗಾಡಿ ಬಿಸಿ ಮಾಡಿ ಇಟ್ಟಿದ್ದರೆ ಅರ್ಧ ಸತ್ಯ ಹೋಯಿತು. ಹತ್ತು ನಿಮಿಷ ಓಡಿಸಿ ವಾಪಸ್ ಬಂದರೆ ಉಳಿದರ್ಧವೂ ಹೋಯಿತು. ಬಾನೆಟ್ ಮೇಲೆ ಕೈ ಇಟ್ಟು ತಣ್ಣಗಿದೆಯಾ ನೋಡಿ, ಸ್ಟಾರ್ಟ್ ಮಾಡಿಸಿ, ಅರ್ಧ ಗಂಟೆಯಾದರೂ ಓಡಿಸಿ, ಮತ್ತೆ ನಿಲ್ಲಿಸಿ ಕೇಳಿ. ಮಾರುವವನಿಗೆ ಅಷ್ಟು ಪುರುಸೊತ್ತು ಇಲ್ಲ ಅಂದರೆ ಬೇರೆ ಗಾಡಿ ನೋಡಿ.

ಎಲ್ಲರೂ "ಯಾವ ಗಾಡಿ" ಅಂತ ಕೇಳುತ್ತಾರೆ. "ಈ ಗಾಡಿ ಇಷ್ಟು ವರ್ಷ ಏನು ಕೆಲಸ ಮಾಡಿದೆ" ಅಂತ ಒಬ್ಬರಾದರೂ ಕೇಳಲಿ ಅಂತ ನನಗೆ ಆಸೆ. ಮೈಲಿ ಎಷ್ಟು ಓಡಿದೆ ಅಂತ ನೋಡುತ್ತೀರಿ. ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ನೋಡುವುದೇ ಇಲ್ಲ. ಬಹಳಷ್ಟು ಜಿಎಂ (ಷೆವರ್ಲೆ ತಯಾರಿಸುವ ಜನರಲ್ ಮೋಟರ್ಸ್) ಮತ್ತು ಫೋರ್ಡ್ ಗಾಡಿಗಳಲ್ಲಿ ಮೀಟರ್ ಪಕ್ಕದ ಸ್ಕ್ರೀನ್‌ನಲ್ಲೇ ಅದು ಸಿಗುತ್ತದೆ. ಮೈಲಿಯನ್ನು ಗಂಟೆಯಿಂದ ಭಾಗಿಸಿ. 1,20,000 ಮೈಲಿ, 4,000 ಗಂಟೆ ಅಂದರೆ ಗಂಟೆಗೆ ಸರಾಸರಿ 30 ಮೈಲಿ. ಸರಿ, ಮನೆ ಮಂದಿ ಓಡಿಸಿದ ಗಾಡಿ. ಅದೇ ಮೈಲಿಗೆ 8,000 ಗಂಟೆ ಇದ್ದರೆ ಸರಾಸರಿ 15. ಆ ಎಂಜಿನ್ ನಿಂತಲ್ಲೇ ಉರಿದಿದೆ. ಪೊಲೀಸ್ ಇಲಾಖೆಯಿಂದ ಬಂದ ಟಾಹೋಗಳು ಹೀಗಿರುತ್ತವೆ. ಓಡೋಮೀಟರ್ ಒಳ್ಳೆಯದನ್ನೇ ಹೇಳುತ್ತಿರುತ್ತದೆ, ಒಳಗಿನ ಸವೆತ ಮಾತ್ರ ದುಪ್ಪಟ್ಟಾಗಿರುತ್ತದೆ.

ಹಿಂದೆ ಟ್ರೈಲರ್ ಕೊಕ್ಕೆ ಇದ್ದರೆ ದೋಣಿಯೋ ಮನೆಗಾಡಿಯೋ ಎಳೆದಿದ್ದಾರಾ ಕೇಳಿ. ಭಾರ ಎಳೆದದ್ದು ಎಂಜಿನ್‌ಗಿಂತ ಮೊದಲು ಗೇರ್‌ಬಾಕ್ಸಿಗೆ ತಾಗುತ್ತದೆ. ಹಳೆಯ ಟಾಹೋದ ನಾಲ್ಕು ಗೇರಿನ ಆಟೋಮ್ಯಾಟಿಕ್ ಭಾರಕ್ಕೆ ಸೋಲುವುದಕ್ಕೇ ಹೆಸರಾದದ್ದು. ಗೇರ್ ಆಯಿಲ್ ಜೀವಮಾನಕ್ಕೆ ಒಂದೇ ಸಲ ಸಾಕು ಅಂತ ಯಾರಾದರೂ ಹೇಳಿದರೆ, ಯಾರ ಜೀವಮಾನ ಅಂತ ಕೇಳಿ. ಮೊದಲ ಮಾಲೀಕನಿಗೆ ಅದು ನಿಜ. ನೀವು ಮೂರನೆಯವರು.

ಇನ್ನು "ಫೋರ್ ವೀಲ್ ಒಳ್ಳೇದಾ, ಆಲ್ ವೀಲ್ ಒಳ್ಳೇದಾ". ಹಿಮ, ಕೆಸರು, ದೋಣಿ ಇಳಿಸುವ ಇಳಿಜಾರು, ಇವ್ಯಾವುವೂ ನಿಮ್ಮ ದಾರಿಯಲ್ಲಿ ಇಲ್ಲದಿದ್ದರೆ ಎರಡೇ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಟು ವೀಲ್ ಡ್ರೈವ್ ಗಾಡಿ ತಗೊಳ್ಳಿ. ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಇಲ್ಲ, ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮುಂದೆ ಇಲ್ಲ, ಕೆಡಲು ಅಷ್ಟು ಕಡಿಮೆ. ಬೇಕೇ ಬೇಕು ಅಂದರೆ ಸೆಕೋಯಾದ ವ್ಯವಸ್ಥೆ ನನಗೆ ಇಷ್ಟ. ನಡುವೆ ಡಿಫರೆನ್ಷಿಯಲ್ ಇರುವುದರಿಂದ ಒಣ ರಸ್ತೆಯಲ್ಲೂ ನಾಲ್ಕೂ ಚಕ್ರ ಹಾಕಿಕೊಂಡು ಓಡಿಸಬಹುದು. ಅದಿಲ್ಲದ, ಬೇಕಾದಾಗ ಮಾತ್ರ ನಾಲ್ಕೂ ಚಕ್ರ ಹಾಕಿಕೊಳ್ಳುವ ಪಾರ್ಟ್ ಟೈಮ್ ಫೋರ್ ವೀಲ್ ಗಾಡಿಯಲ್ಲಿ ಹಾಗೆ ಮಾಡಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಉದ್ದದ ದಾರಿ ಹೋಗುತ್ತವೆ. ಆ ವ್ಯತ್ಯಾಸ ಎಲ್ಲಿಗೂ ಹೋಗಲಾರದೆ ಟ್ರಾನ್ಸ್‌ಫರ್ ಕೇಸನ್ನೇ ತಿರುಚುತ್ತದೆ.

2006ರವರೆಗಿನ ಟಾಹೋ ನೋಡುವವರಿಗೆ ಒಂದು ಎಚ್ಚರಿಕೆ. ಅದರ ಆಟೋಮ್ಯಾಟಿಕ್ ಟ್ರಾನ್ಸ್‌ಫರ್ ಕೇಸ್ ಒಳಗಿನ ಆಯಿಲ್ ಪಂಪ್ ಅಲುಗಾಡಿ ಅಲುಗಾಡಿ ಮೆಗ್ನೀಸಿಯಮ್ ಕವಚದಲ್ಲಿ ತೂತು ಕೊರೆಯುತ್ತದೆ. ಹನಿ ಹನಿಯಾಗಿ ಆಯಿಲ್ ಹೋಗುತ್ತದೆ. ಸದ್ದು ಕೇಳುವ ಹೊತ್ತಿಗೆ ತಡವಾಗಿರುತ್ತದೆ. ಅಡಿಯಲ್ಲಿ ಟಾರ್ಚ್ ಹಿಡಿದು ನೋಡಿದರೆ ಒದ್ದೆ ಕಾಣುತ್ತದೆ. ಯಾವ ಫೋರ್ ವೀಲ್ ಗಾಡಿಯಾದರೂ ಸರಿ, ಮಣ್ಣಿನ ನೆಲದಲ್ಲಿ ಲೋ ರೇಂಜ್, ಅಂದರೆ ನಿಧಾನಕ್ಕೆ ಹೆಚ್ಚು ಬಲ ಕೊಡುವ ಗೇರ್ ಹಾಕಿಸಿ ನೋಡಿ. ನಾಲ್ಕೂ ಟೈರ್ ಒಂದೇ ಅಳತೆ, ಒಂದೇ ಸವೆತ ಇದೆಯಾ ಅಂತಲೂ ನೋಡಿ.

ಇನ್ನು ಮುಂದೆ ನನಗೆ ಫೋನ್ ಮಾಡುವ ಮೊದಲು ನಾಲ್ಕು ಕಳಿಸಿ. ವಿನ್ ನಂಬರ್, ಅಂದರೆ ಪ್ರತಿ ಗಾಡಿಯ ಗುರುತಿನ ಸಂಖ್ಯೆ. ಜಿಎಂ, ಫೋರ್ಡ್ ಗಾಡಿಗಳಲ್ಲಿ ಅದರ ಎಂಟನೇ ಅಕ್ಷರವೇ ಎಂಜಿನ್ ಯಾವುದು ಅಂತ ಹೇಳುತ್ತದೆ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದ ವಿಡಿಯೋ, ಸದ್ದಿನ ಸಮೇತ. ಮೈಲಿ ಮತ್ತು ಗಂಟೆ ಕಾಣುವ ಫೋಟೋ. ಆಯಿಲ್ ಬದಲಿಸಿದ ರಸೀದಿಗಳು. ಇವಿದ್ದರೆ ರಾತ್ರಿ ಹನ್ನೊಂದಕ್ಕೆ ಮಾಡಿದರೂ ಫೋನ್ ಎತ್ತುತ್ತೇನೆ, ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡುತ್ತೇನೆ.