ಬ್ಯಾಟರಿ ಶೆಡ್ಡಿನ ಸೀಸಕ್ಕೆ ಬೆಲ್ಲ ಮದ್ದಲ್ಲ

ಹಳೆ ಬ್ಯಾಟರಿ ಒಡೆಯುವ ಶೆಡ್ಡುಗಳಲ್ಲಿ ಎಲ್ಲರೂ ಹೆದರುವುದು ಆ್ಯಸಿಡ್ಡಿಗೆ. ಅಂಗಿ ತೂತಾಗುತ್ತದೆ, ಕೈ ಚುರುಗುಟ್ಟುತ್ತದೆ, ಎಚ್ಚರ ತಾನಾಗಿ ಬರುತ್ತದೆ. ಸೀಸ ಉರಿಯುವುದೂ ಇಲ್ಲ, ನಾರುವುದೂ ಇಲ್ಲ. ಬ್ಯಾಟರಿಯೊಳಗಿನ ಪ್ಲೇಟಿನ ಗ್ರಿಡ್‌ಗಿಂತ, ಅಂದರೆ ಸೀಸದ ಜಾಲರಿಗಿಂತ, ಅದಕ್ಕೆ ಮೆತ್ತಿದ ಸೀಸದ ಪೇಸ್ಟೇ ಹೆಚ್ಚು ಅಪಾಯ. ಒಣಗಿದರೆ ಹಿಟ್ಟಿನ ಹಾಗೆ ಉದುರುತ್ತದೆ. ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಸಾಕು. ಕೆಲಸ ಬೇಗ ಮುಗಿಯಲೆಂದು ಬೆಂಕಿ ಹೆಚ್ಚಿಸಿ 500 ದಾಟಿಸಿದರೆ ಹೊಗೆ ಜೋರಾಗುತ್ತದೆ. ಬಗ್ಗಿ ಕಿಟ್ಟ ತೆಗೆಯುವವನಿಗೇ ಅದರ ದೊಡ್ಡ ಪಾಲು.

ಮೂಗಿಗೆ ಟವೆಲ್ ಕಟ್ಟಿದರೆ ಪ್ರಯೋಜನವಿಲ್ಲ. ಸಣ್ಣ ಧೂಳು, ಹೊಗೆ ತಡೆಯುವ ಪಿ100 ಫಿಲ್ಟರಿನ, ಮೂಗು-ಬಾಯಿ ಮುಚ್ಚುವ ಹಾಫ್ ಮಾಸ್ಕ್ ಬೇಕು. ಗಡ್ಡವಿದ್ದರೆ ಅದೂ ಸೋರುತ್ತದೆ. ಪೊರಕೆ, ಕಂಪ್ರೆಸರ್ ಗಾಳಿ ಎರಡೂ ಬೇಡ, ನೆಲವನ್ನು ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ಬೀಡಿ, ಎಲೆ-ಅಡಿಕೆ ಶೆಡ್ಡಿನೊಳಗೆ ಬರಲೇಬಾರದು. ಸುಣ್ಣ ಸವರುವ ಬೆರಳಿನಲ್ಲೇ ಸೀಸದ ಧೂಳೂ ಬಾಯಿಗೆ ಹೋಗುತ್ತದೆ. ಖಾಲಿ ಹೊಟ್ಟೆಯಲ್ಲಿ ಕರುಳು ಅದನ್ನು ಇನ್ನಷ್ಟು ಹೀರುತ್ತದೆ.

ಸೀಸ ಮೈಗೇರಿದರೆ ಹೊಟ್ಟೆ ನುಲಿತ, ಮಲಬದ್ಧತೆ, ಸುಸ್ತು, ಕೀಲುನೋವು. ಇಷ್ಟನ್ನೇ ಹೇಳಿ ಕೆಲಸ ಏನೆಂದು ಹೇಳದಿದ್ದರೆ ಡಾಕ್ಟರು ಗ್ಯಾಸ್ಟ್ರಿಕ್ ಮಾತ್ರೆ ಬರೆದು ಕಳಿಸುತ್ತಾರೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ತಯಾರಾಗುವ ಹಾದಿಯಲ್ಲಿರುವ ಕಿಣ್ವಗಳನ್ನು ಸೀಸ ಕಟ್ಟಿಹಾಕುವುದರಿಂದ ರಕ್ತಹೀನತೆಯೂ ಬರುತ್ತದೆ, ಅದು ಬರೀ ಐರನ್ ಮಾತ್ರೆಗೆ ಬಗ್ಗುವುದಿಲ್ಲ. ಬಿಪಿ, ಕಿಡ್ನಿ ಸದ್ದಿಲ್ಲದೆ ಕೆಡುತ್ತವೆ. ಮಣಿಕಟ್ಟು ಎತ್ತಲಾಗದೆ ಜೋತುಬಿದ್ದರೆ ಬಹಳ ತಡವಾಗಿದೆ ಎಂದರ್ಥ.

ಕೇಳಬೇಕಾದದ್ದು ರಕ್ತದ ಸೀಸದ ಪರೀಕ್ಷೆ, ಬೆರಳಿನಿಂದಲ್ಲ, ರಕ್ತನಾಳದಿಂದ. ಬೆರಳಿಗಂಟಿದ ಧೂಳು ಸೇರಿದರೆ ಅಂಕಿ ಸುಮ್ಮನೆ ಏರುತ್ತದೆ. ಅಮೆರಿಕದ 1978ರ ನಿಯಮದಲ್ಲಿ ಡೆಸಿಲೀಟರಿಗೆ 60 ಮೈಕ್ರೋಗ್ರಾಂ ಮುಟ್ಟಿದವರನ್ನು ಸೀಸದ ಕೆಲಸದಿಂದ ಹೊರಗಿಡಬೇಕು. ಈಗಿನ ಅರಿವಿಗೆ ಅದು ತೀರಾ ಸಡಿಲ: 5 ಮುಟ್ಟಿದರೇ ಮೂಲ ಹುಡುಕಿ ತಪ್ಪಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ರಕ್ತದಲ್ಲಿ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು, ಮೂಳೆಯಲ್ಲಿ ದಶಕಗಳು. ಕೆಲಸ ಬಿಟ್ಟವರಲ್ಲೂ ಅಂಕಿ ಬೇಗ ಇಳಿಯದಿರುವುದು ಮೂಳೆಯಿಂದ ಅದು ಮತ್ತೆ ರಕ್ತಕ್ಕೆ ಬರುವುದರಿಂದ.

ಸಂಜೆ ಹಾಲು, ಬೆಲ್ಲ, ಬಾಳೆಹಣ್ಣು ಕೊಟ್ಟರೆ ವಿಷ ತೊಳೆದುಹೋಗುತ್ತದೆಂದು ನಂಬುವ ಮಾಲೀಕರಿದ್ದಾರೆ. ಹಾಲಿನ ಕ್ಯಾಲ್ಸಿಯಂ ಹೀರಿಕೆಯನ್ನು ಕೊಂಚ ತಗ್ಗಿಸೀತು, ಅಷ್ಟೆ. ಶೆಡ್ಡಿನಲ್ಲಿ ಉಳಿದುಕೊಂಡೇ ಸೀಸ ಇಳಿಸುವ ಔಷಧಿ ನುಂಗುವುದು ಇನ್ನೂ ಕೆಟ್ಟ ಉಪಾಯ. ಒಂದು ಕಡೆ ಇಳಿಯುತ್ತಿರುವಾಗ ಇನ್ನೊಂದು ಕಡೆ ತುಂಬುತ್ತಲೇ ಇರುತ್ತದೆ.

ಕೆಲಸದ ಬಟ್ಟೆ, ಚಪ್ಪಲಿ ಶೆಡ್ಡಿನಲ್ಲೇ ಉಳಿಯಲಿ, ತಲೆಗೂ ನೀರು ಹಾಕಿಕೊಂಡೇ ಮನೆಗೆ ಹೊರಡಿ. ನುಂಗಿದ ಸೀಸದಲ್ಲಿ ದೊಡ್ಡವರು ಹತ್ತನೇ ಒಂದು ಪಾಲಿನಷ್ಟು ಹೀರಿದರೆ ಪುಟ್ಟ ಮಕ್ಕಳು ಅರ್ಧದವರೆಗೂ ಹೀರುತ್ತಾರೆ. ಬಟ್ಟೆ ಮನೆಯಲ್ಲೇ ಒಗೆಯಬೇಕಾದರೆ ಕೊಡವದೆ ನೇರ ನೀರಿಗೆ ಹಾಕಿ, ಮಕ್ಕಳ ಬಟ್ಟೆಯೊಂದಿಗೆ ಬೆರೆಸಬೇಡಿ.