ಕಪ್ಪಿನಿಂದ ಹಸಿರಿಗೆ, ಮತ್ತೆ ಕಪ್ಪಿಗೆ

ಬೀದರಿನ ಹೊರವಲಯದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಸಮಾಧಿಗಳನ್ನು ನೋಡುವಾಗಲೆಲ್ಲ, ಇರಾನಿನ ಸೂಫಿ ಸಂತ ನಿಮತುಲ್ಲಾ ವಲಿಯವರ ಮನೆತನವನ್ನು ಇಲ್ಲಿಗೆ ಕರೆಸಿಕೊಂಡ ಅಹ್ಮದ್ ಶಾಹನಿಗೆ ಆಶೀರ್ವಾದದಷ್ಟೇ ಪ್ರತಿಷ್ಠೆಯೂ ಬೇಕಿದ್ದಿರಬೇಕು ಎನಿಸುತ್ತದೆ. ಅರಸರಿಗೂ ಧರ್ಮಗುರುಗಳಿಗೂ ನಡುವಿನ ಈ ನಂಟಿನ ಕಠೋರ ರೂಪ ಶಿಯಾ ಪರಂಪರೆಯ ಎಂಟನೆಯ ಇಮಾಮರಾದ (ಪ್ರವಾದಿ ವಂಶದ ಧರ್ಮನಾಯಕರಾದ) ಅಲಿ ರಝಾ ಅವರ ಬದುಕಿನಲ್ಲಿದೆ.

ಅಬ್ಬಾಸಿ ಮನೆತನದ ಖಲೀಫ ಹಾರೂನ್ ರಶೀದನು 809ರಲ್ಲಿ ತೀರಿಕೊಂಡ ಬಳಿಕ ಮಕ್ಕಳು ಕಾದಾಡಿ, 813ರಲ್ಲಿ ಅಮೀನನು ಹತನಾಗಿ ಮಾಮೂನನು ಗೆದ್ದನು. ಅವನು ಮದೀನಾದಲ್ಲಿದ್ದ ಇಮಾಮರನ್ನು ದೂರದ ಮರ್ವ್ ನಗರಕ್ಕೆ ಕರೆಸಿ, 817ರಲ್ಲಿ ತನ್ನ ಉತ್ತರಾಧಿಕಾರಿಯೆಂದು ಘೋಷಿಸಿ, ಅವರ ಹೆಸರಿರುವ ನಾಣ್ಯಗಳನ್ನು ಟಂಕಿಸಿ, ತನ್ನ ಮನೆತನದ ಕಪ್ಪು ಬಣ್ಣವನ್ನೂ ಕೈಬಿಟ್ಟು ಹಸಿರನ್ನು ತಂದನು. ನೇಮಕ, ವಜಾಗಳಲ್ಲಿ ಕೈಹಾಕುವುದಿಲ್ಲವೆಂಬ ಷರತ್ತಿನ ಮೇಲೆ ಇಮಾಮರು ಒಲ್ಲದ ಮನಸ್ಸಿನಿಂದ ಒಪ್ಪಿದರೆಂದು ಶಿಯಾ ಪರಂಪರೆ ಹೇಳುತ್ತದೆ. ನನ್ನ ದೃಷ್ಟಿಯಲ್ಲಿ ಈ ಷರತ್ತೇ ಇಡೀ ಪ್ರಕರಣದ ತಿರುಳು: ಅರಸನಿಗೆ ಬೇಕಿದ್ದದ್ದು ಅವರ ಹೆಸರು, ಅವರು ಕೊಟ್ಟದ್ದೂ ಅಷ್ಟನ್ನೇ.

ಪಟ್ಟ ತಮ್ಮ ಮನೆತನದ ಕೈತಪ್ಪುತ್ತದೆಂದು ಬಾಗ್ದಾದಿನ ಅಬ್ಬಾಸಿಗಳು ಸಿಡಿದೆದ್ದು ಬೇರೊಬ್ಬ ಖಲೀಫನನ್ನು ನಿಲ್ಲಿಸಿದರು. ಮಾಮೂನನು ಪಶ್ಚಿಮಕ್ಕೆ ಹೊರಟ ದಾರಿಯಲ್ಲೇ ವಜೀರ ಫಝ್ಲ್ ಕೊಲೆಯಾದನು. 818ರಲ್ಲಿ ತೂಸ್ ಬಳಿ ಇಮಾಮರೂ ತೀರಿಕೊಂಡರು. ಮಾಮೂನನೇ ವಿಷವಿಕ್ಕಿಸಿದನೆಂದು ಶಿಯಾಗಳು ನಂಬುತ್ತಾರೆ, ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಇಮಾಮರ ತಂದೆ ಮೂಸಾ ಕಾಝಿಮರು ಹಾರೂನನ ಸೆರೆಯಲ್ಲೇ ಪ್ರಾಣಬಿಟ್ಟಿದ್ದರು. ಮಗನನ್ನು ಹೂಳಿದ್ದು ಅದೇ ಹಾರೂನನ ಸಮಾಧಿಯ ಪಕ್ಕದಲ್ಲಿ, ಇರಾನಿನ ಇಂದಿನ ಮಶ್ಹದ್‌ನಲ್ಲಿ. ಬಾಗ್ದಾದ್ ಸೇರಿದ ಮಾಮೂನನು 819ರಲ್ಲಿ ಹಸಿರನ್ನು ಬಿಟ್ಟು ಮತ್ತೆ ಕಪ್ಪಿಗೆ ಮರಳಿದನು.